ಮನೆಕೂಟಕ್ಕೆ ಒಂದು ವರ್ಷ: ನೋಟ್‌ಬುಕ್ಕಿನಲ್ಲಿ ಇಲ್ಲದ ಹೆಸರು

ಕೆಲಗೇರಿ ದಂಡೆ (ಧಾರವಾಡ)

ಕಳೆದ ಜೂನ್‌ನಲ್ಲಿ, ಮಳೆ ಹಿಡಿದುಕೊಂಡ ಒಂದು ಗುರುವಾರ ಸಂಜೆ, ನಮ್ಮ ಕ್ರೈಸ್ತ ಸಭೆಯ ಒಂಬತ್ತು ಜನ ಒಂದು ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತು ಮನೆಕೂಟ ಆರಂಭಿಸಿದೆವು. ಕೆಲವು ಕಡೆ ಇದನ್ನೇ ಕಾಟೇಜ್ ಪ್ರಾರ್ಥನೆ ಎನ್ನುತ್ತಾರೆ. ಈಗ ವರ್ಷ ತುಂಬಿದೆ. ಕೂಟದ ಬರವಣಿಗೆ ನನ್ನ ಪಾಲಿಗಿರುವುದರಿಂದ ವಾರ್ಷಿಕ ವರದಿಯನ್ನೂ ನಾನೇ ಬರೆದೆ. ವರದಿಯ ಧಾಟಿ ನಿಮಗೆ ಗೊತ್ತು: ದೇವರ ಕೃಪೆಯಿಂದ ಕೂಟವು ಸುಸೂತ್ರವಾಗಿ ನಡೆದುಬಂದಿದೆ ಎಂದು ಶುರುವಾಗಿ, ಚಹಾ ಉಪಾಹಾರ ಒದಗಿಸಿದ ಮನೆಯವರಿಗೆ ವಂದನೆಗಳು ಎಂದು ಮುಗಿಯುತ್ತದೆ. ಅದನ್ನು ಸಭೆಗೆ ಒಪ್ಪಿಸಿ ಆಯಿತು. ಅದರಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೂಟ ಹುಟ್ಟಿದ್ದೇ ಒಂದು ನಾಚಿಕೆಯಿಂದ. ಒಂಟಿಯಾಗಿದ್ದ ಹಿರಿಯರೊಬ್ಬರು ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದರು. ನಡುವೆ ಎರಡು ಭಾನುವಾರ ಬಂದುಹೋದವು. ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಬಲಗಡೆಯ ಮೂರನೆಯ ಬೆಂಚಿನ ತುದಿ ಅವರ ಜಾಗ. ಅದು ಖಾಲಿ ಇದ್ದುದನ್ನು ಇಬ್ಬರು ಮೂವರು ಗಮನಿಸಿದ್ದೆವು. ಗಮನಿಸಿ, ಆರಾಧನೆ ಮುಗಿಸಿ, ಮನೆಗೆ ಹೋಗಿ ಊಟ ಮಾಡಿ ಮಲಗಿದೆವು. ಆಮೇಲೆ ಸಭಾಪಾಲಕರಾದ ಅಯ್ಯನವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಂಬತ್ತು ಜನರಲ್ಲಿ ಆ ಹಿರಿಯರೂ ಒಬ್ಬರು. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನಮಗೆಲ್ಲ ಅವರು ಕಾಕಾ. ಉಳಿದವರು ಒಬ್ಬ ನರ್ಸ್ ಅಕ್ಕ, ಒಬ್ಬ ವಿಧವೆ ಶಿಕ್ಷಕಿ, ಕಾಲೇಜಿಗೆ ಹೋಗುವ ಇಬ್ಬರು ಹುಡುಗರು, ಮದುವೆಗೆ ಬಂದ ಮಗಳಿರುವ ಒಬ್ಬರು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು, ಮತ್ತು ಮನೆ ಬಿಟ್ಟುಕೊಟ್ಟ ಅಣ್ಣ, ಅಕ್ಕ.

ಮೊದಲ ಎರಡು ತಿಂಗಳು ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಎರಡು ಹಾಡು, ಸತ್ಯವೇದದ ಒಂದು ಭಾಗ, ನಂತರ ಯಾರಿಗೆ ಏನು ಹೊಳೆಯಿತು ಎಂದು ಅಣ್ಣ ಕೇಳುವುದು. ಪರೀಕ್ಷಾ ಕೊಠಡಿಯ ಮೌನ. ಆ ಮೌನ ಸಹಿಸಲಾಗದೆ ಪ್ರತಿ ವಾರ ಒಬ್ಬರೇ ಬಾಯಿ ಬಿಡುತ್ತಿದ್ದರು. ಮೂಲ ಗ್ರೀಕಿನಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ ಎಂದು ಮೊಬೈಲ್ ನೋಡಿಕೊಂಡು ಇಪ್ಪತ್ತು ನಿಮಿಷ ಹೇಳುತ್ತಿದ್ದರು. ಆ ಒಬ್ಬರು ನಾನೇ. ಪೌಲನ ಪ್ರಸಂಗ ಮಧ್ಯರಾತ್ರಿಯವರೆಗೆ ಬೆಳೆದು, ಕಿಟಕಿಯಲ್ಲಿ ಕುಳಿತಿದ್ದ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ ಕತೆ ಅಪೊಸ್ತಲರ ಕೃತ್ಯಗಳಲ್ಲಿದೆ. ಕಾಕಾ ಒಂದು ದಿನ ಎದ್ದು ಕಿಟಕಿ ಮುಚ್ಚಿ ಬಂದು, "ಹೂಂ, ಮುಂದುವರಿಸು ತಮ್ಮಾ" ಎಂದರು. ಅಂದಿನಿಂದ ಗ್ರೀಕು ನಿಂತಿತು.

ನೋಟ್‌ಬುಕ್ಕು ಅವರದೇ ವಿಚಾರ. ಪ್ರತಿ ವಾರ ಕೊನೆಗೆ ಪ್ರಾರ್ಥನಾ ವಿಷಯಗಳನ್ನು ಕೇಳುತ್ತಿದ್ದೆವು. ಎಲ್ಲರೂ ಹೇಳುತ್ತಿದ್ದರು, ಪ್ರಾರ್ಥಿಸುತ್ತಿದ್ದೆವು, ಮುಂದಿನ ವಾರಕ್ಕೆ ಯಾರಿಗೂ ನೆನಪಿರುತ್ತಿರಲಿಲ್ಲ. "ಟಿಕೆಟ್ ಹರಿದು ಕೊಟ್ಟ ಮೇಲೆ ವೇಬಿಲ್‌ನಲ್ಲಿ ಬರೆಯಬೇಕು. ಇಲ್ಲದಿದ್ದರೆ ಚೆಕಿಂಗ್‌ನವರು ಹತ್ತಿದಾಗ ಏನು ತೋರಿಸುತ್ತೀರಿ?" ಎಂದರು ಕಾಕಾ. ಇನ್ನೂರು ಪುಟದ ಉದ್ದ ನೋಟ್‌ಬುಕ್ಕು ತಂದು, ಸ್ಕೇಲ್ ಹಿಡಿದು, ಸಂಖ್ಯೆ, ತಾರೀಖು, ಯಾರು, ವಿಷಯ, ಉತ್ತರ ಎಂದು ಗೆರೆ ಎಳೆದುಕೊಟ್ಟರು.

ವರ್ಷದಲ್ಲಿ 213 ವಿಷಯಗಳು ಬಿದ್ದಿವೆ. ಸಕ್ಕರೆ ಕಾಯಿಲೆ, ಹುಡುಗರ ಪರೀಕ್ಷೆ, ಅಣ್ಣತಮ್ಮಂದಿರ ಹೊಲದ ವ್ಯಾಜ್ಯ, ವರ್ಗಾವಣೆ, ಬಾಡಿಗೆದಾರ ಮನೆ ಬಿಡದಿರುವುದು. ಉತ್ತರದ ಕಾಲಂನಲ್ಲಿ ಕೆಲವಕ್ಕೆ ಆಯಿತು ಎಂದಿದೆ, ಬಹಳಷ್ಟು ಖಾಲಿ. ನರ್ಸ್ ಅಕ್ಕನ ತಮ್ಮನಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಅವನ ಹೆಸರು ಹದಿನೇಳು ವಾರ ಬಂದಿದೆ. ಮೊದಲ ವಾರ ಪೂರ್ತಿ ವಿವರ, ಆಮೇಲಿನ ವಾರಗಳಲ್ಲಿ ಬರೀ "ತಮ್ಮ, ಅದೇ". ಫೆಬ್ರುವರಿಯಲ್ಲಿ ಅವನು ಹೋದ. ಮುಂದಿನ ಗುರುವಾರ ನೋಟ್‌ಬುಕ್ಕು ತೆಗೆಯಲು ನನಗೆ ಕೈ ಬರಲಿಲ್ಲ. ಅಕ್ಕ ತಾನೇ ಎಳೆದುಕೊಂಡು, ಉತ್ತರದ ಜಾಗದಲ್ಲಿ "ತೀರಿಕೊಂಡ" ಎಂದು ಬರೆದು ತಾರೀಖು ಹಾಕಿದರು. ಹುಡುಗರಲ್ಲೊಬ್ಬ, ಅಲ್ಲಿ ಅದನ್ನು ಯಾಕೆ ಬರೆಯುತ್ತೀರಿ ಅಕ್ಕ ಎಂದ. "ಖಾಲಿ ಬಿಟ್ಟರೆ ನೀವು ರೂಢಿಯಂತೆ ಈ ವಾರವೂ ಅವನಿಗೆ ವಾಸಿಯಾಗಲಿ ಎಂದು ಪ್ರಾರ್ಥಿಸುತ್ತೀರಿ" ಎಂದರು.

ಕೆಟ್ಟದ್ದನ್ನೂ ಹೇಳಬೇಕು. ಪ್ರಾರ್ಥನಾ ವಿಷಯ ಎಂಬ ಹೆಸರಿನಲ್ಲಿ ಚಾಡಿ ಎಷ್ಟು ಸಲೀಸಾಗಿ ಒಳಗೆ ಬರುತ್ತದೆ ಎಂಬುದನ್ನು ನಾನು ಅಲ್ಲೇ ಕಂಡೆ. "ಇಂಥವರ ಮಗಳಿಗಾಗಿ ಪ್ರಾರ್ಥಿಸೋಣ." "ಯಾಕೆ, ಏನಾಯಿತು?" "ಹೆಚ್ಚು ಕೇಳಬೇಡಿ, ಭಾರವಿದೆ." ಭಾನುವಾರದ ಹೊತ್ತಿಗೆ ಇಡೀ ಸಭೆಗೆ ಗೊತ್ತಾಗಿತ್ತು. ಆ ತಂದೆ ನಮ್ಮ ಕೂಟದವರೇ, ಆ ವಾರ ಬಂದಿರಲಿಲ್ಲ. ಮತ್ತೆ ಬರಲೂ ಇಲ್ಲ. ನಾನು ಮತ್ತು ಕಾಕಾ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಕೂರಿಸಿದರು, ಚಹಾ ಕೊಟ್ಟರು, ಹೂಂ ಎಂದರು, ಅಷ್ಟೇ. ಅವರವರ ವಿಷಯವನ್ನು ಅವರವರೇ ಹೇಳಬೇಕು ಎಂದು ಆ ಮೇಲೆ ನಿಯಮ ಮಾಡಿದೆವು. ಒಂಬತ್ತು ಎಂಟಾಯಿತು.

ಈಗ ಇದನ್ನೆಲ್ಲ ಬರೆಯಲು ಕಾರಣವಾದ ಸಂಗತಿ. ವರದಿಗಾಗಿ, ಯಾರ ಹೆಸರಿನಲ್ಲಿ ಎಷ್ಟು ಎಂದು ಎಣಿಸಿದೆ. ಬ್ಯಾಂಕಿನವನ ಚಾಳಿ. ಹುಡುಗರದು ಮೂವತ್ತರ ಮೇಲೆ, ನನ್ನದು ಇಪ್ಪತ್ತೊಂಬತ್ತು, ಬಿಟ್ಟುಹೋದವರದು ಕೂಡ ಎಂಟು ಇವೆ. ಮನೆಯ ಅಕ್ಕನ ಹೆಸರಿನಲ್ಲಿ ಒಂದೂ ಇಲ್ಲ. ಎರಡು ಸಲ ಎಣಿಸಿದೆ. ಇಲ್ಲ.

ಯಾಕೆಂದು ಯೋಚಿಸಿದರೆ ಕಾರಣ ಕಣ್ಣೆದುರಿಗೇ ಇತ್ತು. ಅಣ್ಣ "ಇನ್ನು ಪ್ರಾರ್ಥನಾ ವಿಷಯಗಳು" ಎಂದ ಕೂಡಲೇ ಅಕ್ಕ ಎದ್ದು ಒಳಗೆ ಹೋಗುತ್ತಾರೆ. ಆಮೆನ್ ಎನ್ನುವ ಹೊತ್ತಿಗೆ ಚಹಾ ಹೊರಗೆ ಬಂದಿರಬೇಕಲ್ಲ. ನವೆಂಬರ್‌ನ ಒಂದು ಗುರುವಾರ ನಾವು ಓದಿದ್ದು ಲೂಕನ ಹತ್ತನೆಯ ಅಧ್ಯಾಯದ ಕೊನೆ, ಮಾರ್ಥ ಮತ್ತು ಮರಿಯಳ ಪ್ರಸಂಗ. ಅಡುಗೆಮನೆಯಲ್ಲಿ ದುಡಿಯುವ ಅಕ್ಕ, ಯೇಸುವಿನ ಪಾದದ ಬಳಿ ಕುಳಿತು ಕೇಳುವ ತಂಗಿ. ಬಹಳ ಒಳ್ಳೆಯ ಚರ್ಚೆ ಆಯಿತೆಂದು ನನಗೆ ನೆನಪು. ಆ ದಿನದ ಪುಟ ತೆಗೆದು ನೋಡಿದೆ. ಎಂಟು ವಿಷಯಗಳಿವೆ. ಅಂಚಿನಲ್ಲಿ ನನ್ನದೇ ಅಕ್ಷರ: "ಇಂದು ಮಿರ್ಚಿ ಭಜಿ, ಅಮೋಘ". ಪುಟದ ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು, ಈಗಲೂ ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ.

ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ. ಅಣ್ಣನಿಗೂ ಹೇಳಿಲ್ಲ. ಹೇಳಬೇಕೇ, ಹೇಗೆ ಹೇಳಬೇಕು ಎಂಬುದು ತಿಳಿಯುತ್ತಿಲ್ಲ. ನಿಮ್ಮ ನಿಮ್ಮ ಕೂಟಗಳಲ್ಲಿ ಹೇಗೆ?

ಭಜನಾ ಮಂಡಳಿಯವ (ಶಿರಸಿ)

ನಾನು ಕ್ರೈಸ್ತನಲ್ಲ, ಆದರೂ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಶನಿವಾರದ ಭಜನೆಯಲ್ಲೂ ಮಂಗಳಾರತಿಯ ಹೊತ್ತಿಗೆ ಮನೆಯೊಡತಿ ಎಲ್ಲಿರುತ್ತಾಳೆ ಎಂದು ಈಗ ನೆನಪು ಮಾಡಿಕೊಂಡೆ. ಅವಲಕ್ಕಿ ಕಲಸುತ್ತಿರುತ್ತಾಳೆ.

ಒಂದು ಸಂದೇಹ. ಚರ್ಚು, ಪಾದ್ರಿ ಎಲ್ಲ ಇರುವಾಗ ಮನೆಯಲ್ಲಿ ಬೇರೆ ಕೂಡುವ ಪದ್ಧತಿ ಹೊಸದೇ? ಪಾದ್ರಿಗಳ ಅಭ್ಯಂತರ ಇರುವುದಿಲ್ಲವೇ?

ನಿವೃತ್ತ ಮೇಷ್ಟ್ರು (ಮೈಸೂರು)

ಹೊಸದಲ್ಲ, ಅಭ್ಯಂತರವೂ ಹೊಸದಲ್ಲ. ಮೊದಲ ಶತಮಾನದ ಸಭೆಗಳು ಕೂಡುತ್ತಿದ್ದುದೇ ಮನೆಗಳಲ್ಲಿ. ಪೌಲನ ಪತ್ರಗಳಲ್ಲಿ ಇಂಥವರ ಮನೆಯಲ್ಲಿರುವ ಸಭೆಗೆ ವಂದನೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಧಾರವಾಡಕ್ಕೆ ಇದು ಬಂದ ದಾರಿ ಮಾತ್ರ ಸ್ವಾರಸ್ಯದ್ದು.

1670ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ಪೇನರ್ ಎಂಬ ಪಾದ್ರಿ ತನ್ನ ಮನೆಯಲ್ಲೇ ಇಂಥ ಕೂಟ ಶುರುಮಾಡಿದ. ಪಾದ್ರಿಯ ಪ್ರಸಂಗ ಕೇಳಿ ಮನೆಗೆ ಹೋಗುವುದು ಸಾಲದು, ಸಾಮಾನ್ಯರೂ ವೇದ ಓದಿ ತಮ್ಮೊಳಗೆ ಮಾತನಾಡಬೇಕು ಎಂಬುದು ಅವನ ವಾದ. ಪೈಯಟಿಸಂ ಎಂದು ಹೆಸರಾದ ಆ ಚಳವಳಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಆಳವಾಗಿ ಬೇರುಬಿಟ್ಟಿತು. ಅಲ್ಲಿ ಇದನ್ನು "ಸ್ಟುಂಡೆ", ಅಂದರೆ ಬರೀ "ತಾಸು", ಎಂದು ಕರೆಯುತ್ತಿದ್ದರು. ಅಧಿಕಾರಿಗಳಿಗೂ ಚರ್ಚಿನವರಿಗೂ ಅನುಮಾನ: ಪಾದ್ರಿಯಿಲ್ಲದೆ ಇವರು ಮನೆಯೊಳಗೆ ಏನು ಮಾಡುತ್ತಾರೆ? ಕೊನೆಗೆ 1743ರಲ್ಲಿ ಆ ಸಂಸ್ಥಾನ ಷರತ್ತುಗಳೊಡನೆ ಅನುಮತಿ ಕೊಟ್ಟಿತು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಜನ ಬಂದದ್ದು ಹೆಚ್ಚಾಗಿ ಇಂಥ ಮನೆಗಳಿಂದ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಿಮ್ಮ ಧಾರವಾಡಕ್ಕೆ ಬಂದವರು ಆ ತಾಸಿನ ಅಭ್ಯಾಸವನ್ನೂ ಗಂಟು ಕಟ್ಟಿಕೊಂಡು ಬಂದಿದ್ದರು. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್ ಕೂಡ ಆ ಸೀಮೆಯವನೇ.

ಅಂದಹಾಗೆ ಸ್ಪೇನರನ ಕೂಟದಲ್ಲಿ ಹೆಂಗಸರು ಬೇರೆ ಕಡೆ ಕುಳಿತು ಕೇಳಬಹುದಿತ್ತು, ಮಾತನಾಡುವಂತಿರಲಿಲ್ಲ. ನಿಮ್ಮ 213ರಲ್ಲಿ ಅಕ್ಕನ ಹೆಸರು ಇಲ್ಲದಿರುವುದಕ್ಕೆ ಸಾಕಷ್ಟು ಹಳೆಯ ಪೂರ್ವಜರಿದ್ದಾರೆ.

ನಾನು ಕಲಿತದ್ದು ವೆಸ್ಲಿಯನ್ ಮಿಷನ್ ಕಟ್ಟಿದ ಶಾಲೆಯಲ್ಲಿ, ಆದ್ದರಿಂದ ಇನ್ನೊಂದು ಮಾತು. ಮೆಥಡಿಸ್ಟ್ ಪಂಥ ಕಟ್ಟಿದ ಇಂಗ್ಲೆಂಡಿನ ಪಾದ್ರಿ ವೆಸ್ಲಿಯ ಕೂಟಗಳು ಹುಟ್ಟಿದ್ದು 1742ರಲ್ಲಿ, ಬ್ರಿಸ್ಟಲ್ಲಿನ ಪ್ರಾರ್ಥನಾ ಮಂದಿರದ ಕಟ್ಟಡದ ಸಾಲ ತೀರಿಸಲು. ಹನ್ನೆರಡು ಜನರಿಗೆ ಒಬ್ಬ ವಸೂಲಿಗಾರ, ತಲೆಗೆ ವಾರಕ್ಕೆ ಒಂದು ಪೆನ್ನಿ. ಹಾಗಾದರೆ ಬಡವರು? ಈ ಸಲಹೆ ಕೊಟ್ಟ ಕಪ್ತಾನನೇ, ಕಡುಬಡವರಾದ ಹನ್ನೊಂದು ಮಂದಿಯನ್ನು ನನಗೇ ಕೊಡಿ, ಅವರು ಕೊಡದಿದ್ದರೆ ಆ ಪೆನ್ನಿ ನಾನು ಹಾಕುತ್ತೇನೆ ಎಂದ. ವಸೂಲಿಗೆ ಮನೆ ಮನೆಗೆ ಹೋದವರಿಗೆ ಒಲೆ ಉರಿಯದ ಮನೆ ಯಾವುದು, ಕುಡಿದು ಹೊಡೆಯುವ ಗಂಡ ಯಾರು ಎಂಬುದೆಲ್ಲ ಕಾಣತೊಡಗಿತು. ಸಾಲ ತೀರಿದರೂ ಮನೆಗಳಿಗೆ ಹೋಗುವುದು ಉಳಿಯಿತು. ನಿಮ್ಮ ಕಾಕಾ ಅವರ ವೇಬಿಲ್ ಓದಿದಾಗ ನನಗೆ ನೆನಪಾದದ್ದು ಆ ಪೆನ್ನಿ. ಲೆಕ್ಕ ಇಡದಿದ್ದರೆ ಆ ಅಕ್ಕನ ಖಾತೆ ಖಾಲಿ ಎಂಬುದು ನಿಮಗೆ ತಿಳಿಯುತ್ತಲೇ ಇರಲಿಲ್ಲ.

ಬೆಟಗೇರಿ ಮಗ್ಗ (ಗದಗ)

ಅನುಮತಿಯ ಮಾತು ಬಂದದ್ದಕ್ಕೆ ಕೇಳುತ್ತೇನೆ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಜಾರಿಗೆ ಬಂದಾಗ ನಮ್ಮ ಓಣಿಯ ಕೂಟವನ್ನು ನಾವೇ ನಿಲ್ಲಿಸಿದೆವು. ಯಾರೂ ಏನೂ ಅಂದಿರಲಿಲ್ಲ, ಹೆದರಿಕೆ ಅಷ್ಟೇ. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿತು ಎಂದು ಓದಿದರೂ ಕೂಟ ಮತ್ತೆ ಶುರುವಾಗಲೇ ಇಲ್ಲ. ನಿಮಗೆ ನೆರೆಯವರಿಂದ ತೊಂದರೆ ಇಲ್ಲವೇ?

ಕೆಲಗೇರಿ ದಂಡೆ (ಧಾರವಾಡ)

ಒಮ್ಮೆ ಬಂದರು. ಎದುರುಮನೆಯವರು, ಆಗಸ್ಟ್‌ನಲ್ಲಿ, ಹಾಡಿನ ನಡುವೆಯೇ ಬಾಗಿಲು ಬಡಿದರು. ನನ್ನ ಎದೆ ಧಸಕ್ಕೆಂದಿತು. ಅಣ್ಣ ಹೋಗಿ ಬಾಗಿಲು ತೆಗೆದರೆ ಅವರ ತಕರಾರು ಸ್ಕೂಟರ್‌ಗಳದ್ದು. ಅವರ ಗೇಟಿಗೆ ಅಡ್ಡವಾಗಿ ನಾಲ್ಕು ನಿಲ್ಲಿಸಿದ್ದೆವು, ಅದರಲ್ಲಿ ಒಂದು ನನ್ನದು. ಈಗ ಓಣಿಯ ತಿರುವಿನಲ್ಲೇ ನಿಲ್ಲಿಸಿ ನಡೆದು ಬರುತ್ತೇವೆ. ನಿಮ್ಮ ಹೆದರಿಕೆಯನ್ನು ಹಗುರ ಮಾಡುತ್ತಿಲ್ಲ. ಆ ಬಾಗಿಲ ಸದ್ದಿಗೆ ನಮಗೆಲ್ಲ ಮೊದಲು ಬಂದ ಯೋಚನೆ ನಿಮ್ಮದೇ.

ಗುರ್ಕಾರನ ಮಗಳು (ಮಂಗಳೂರು)

ನಾವು ಕಥೋಲಿಕರು. ನಮ್ಮಲ್ಲಿ ಧರ್ಮಕೇಂದ್ರವನ್ನು ವಾಡೊಗಳಾಗಿ ಹಂಚಿರುತ್ತಾರೆ, ವಾಡೊಗೆ ಒಬ್ಬ ಗುರ್ಕಾರ, ಅಂದರೆ ಮುಖಂಡ. ನನ್ನ ಅಪ್ಪ ಬಹಳ ವರ್ಷ ಗುರ್ಕಾರರಾಗಿದ್ದರು. ಕಿರು ಕ್ರೈಸ್ತ ಸಮುದಾಯ ಎಂದು ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ಸೇರುತ್ತೇವೆ. ಮನೆ ಬದಲಾಗುತ್ತಿರುವುದರಿಂದ ಒಬ್ಬರ ಮೇಲೇ ಭಾರ ಬೀಳುವುದಿಲ್ಲ ಎಂದು ನೀವು ತಿಳಿದರೆ, ಸ್ವಲ್ಪ ತಾಳಿ. ಮೊದಲ ಮನೆಯಲ್ಲಿ ಚಹಾ ಬಿಸ್ಕತ್ತು ಕೊಟ್ಟರು. ಎರಡನೆಯವರು ಸನ್ನ ಮಾಡಿದರು. ಮೂರನೆಯ ಮನೆಯಲ್ಲಿ ಪತ್ರೊಡೆ. ಆರನೆಯ ತಿಂಗಳಿಗೆ ಕೇಕು, ಕಟ್ಲೆಟ್ಟು, ಐಸ್‌ಕ್ರೀಮು. ಏಳನೆಯ ಮನೆಯವರು ಈ ತಿಂಗಳು ನಮಗೆ ಅನುಕೂಲವಿಲ್ಲ ಎಂದರು. ಎಂಟನೆಯವರೂ ಹಾಗೇ ಅಂದರು. ಎಂಟನೆಯ ಮನೆಯ ಯಜಮಾನನಿಗೆ ಕೆಲಸ ಹೋಗಿ ಮೂರು ತಿಂಗಳಾಗಿತ್ತೆಂದು ಅಪ್ಪನಿಗೆ ಆಮೇಲೆ ತಿಳಿಯಿತು. ಅಪ್ಪ ಮುಂದಿನ ಕೂಟವನ್ನು ನಮ್ಮ ಮನೆಯಲ್ಲೇ ಇಟ್ಟು ಬೆಲ್ಲ ಮತ್ತು ನೀರು ಕೊಟ್ಟರು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಆದರೆ ಆಮೇಲೆ ವಾಡೊದಲ್ಲಿ ಯಾರೂ ಕಟ್ಲೆಟ್ಟಿನ ಗೋಜಿಗೆ ಹೋಗಲಿಲ್ಲ.

ನಿಮ್ಮ ಗ್ರೀಕಿನ ಬಗ್ಗೆ: ನಮ್ಮಲ್ಲಿ ಏಳು ಹೆಜ್ಜೆಗಳ ಕ್ರಮವಿದೆ, ದಕ್ಷಿಣ ಆಫ್ರಿಕಾದ ಲುಮ್ಕೊ ಎಂಬ ಸಂಸ್ಥೆಯಲ್ಲಿ ರೂಪುಗೊಂಡದ್ದು. ಶುಭಸಂದೇಶ ಓದಿದ ಮೇಲೆ, ಮನಸ್ಸಿಗೆ ತಾಗಿದ ಒಂದೆರಡು ಪದವನ್ನಷ್ಟೇ ಗಟ್ಟಿಯಾಗಿ ಮೂರು ಸಲ ಹೇಳಬೇಕು. ವ್ಯಾಖ್ಯಾನ ಇಲ್ಲ. ನಂತರ ಕೆಲವು ನಿಮಿಷ ಎಲ್ಲರೂ ಮೌನ. ಆಮೇಲಷ್ಟೇ ಹಂಚಿಕೆ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿ ಕೂಡ ಒಂದು ಪದ ಹೇಳುತ್ತಿದ್ದರು. ಒಂದು ಪದಕ್ಕೆ ಪಾಂಡಿತ್ಯ ಬೇಡವಲ್ಲ.

ಇನ್ನೊಂದು, ತಪ್ಪು ತಿಳಿಯಬೇಡಿ. ನರ್ಸ್ ಅಕ್ಕನ ತಮ್ಮನ ವಿಷಯ ಓದಿ ಕಣ್ಣು ತುಂಬಿತು. ನಮ್ಮಲ್ಲಾದರೆ ತೀರಿಕೊಂಡ ಮೇಲೂ ಆ ಹೆಸರು ಪ್ರಾರ್ಥನೆಯಲ್ಲಿ ಉಳಿಯುತ್ತದೆ. ನಿಮ್ಮಲ್ಲಿ ಆ ಪದ್ಧತಿ ಇಲ್ಲವೆಂದು ಗೊತ್ತು. ನವೆಂಬರ್ 2 ನಮ್ಮಲ್ಲಿ ಸತ್ತವರನ್ನು ನೆನೆಯುವ ದಿನ, ಅಂದು ನಾನು ಹೆಸರಿಲ್ಲದೆ ಒಂದು ಮೇಣದಬತ್ತಿ ಹಚ್ಚುತ್ತೇನೆ.

ಎರಡನೆಯ ಬೆಂಚು (ಹುಬ್ಬಳ್ಳಿ)

ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದೀರಿ, ನಾನು ಸ್ವಲ್ಪ ಕಹಿ ಮಾತು ಹೇಳುತ್ತೇನೆ.

ನಾನು ಇಂಥದೇ ಒಂದು ಕೂಟದಲ್ಲಿ ಎರಡು ವರ್ಷ ಇದ್ದೆ, ಬಿಟ್ಟೆ. ನನಗೆ ಮೂವತ್ತನಾಲ್ಕು, ಮದುವೆಯಾಗಿಲ್ಲ. ಪ್ರತಿ ವಾರ ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಯಾರಾದರೊಬ್ಬರು, "ನಮ್ಮ ಸಹೋದರಿಗೆ ತಕ್ಕ ಸಂಗಾತಿ ಸಿಗಲೆಂದು" ಎನ್ನುತ್ತಿದ್ದರು. ನನಗೆ ಬೇಕಿದ್ದದ್ದು ಅಪ್ಪನ ಆಸ್ಪತ್ರೆಯ ಖರ್ಚಿಗೆ ದಾರಿ. ಎರಡು ಸಲ ಅದನ್ನು ಹೇಳಿದೆ. "ಅದಕ್ಕೂ ಒಬ್ಬ ಜೊತೆಗಾರ ಬೇಕಲ್ಲಮ್ಮ" ಎಂದರು. ಒಂದು ವಾರ ಹೋಗದಿದ್ದರೆ ಐದು ಫೋನು. ಅಕ್ಕರೆ ಎಂದು ಅವರು ತಿಳಿದಿದ್ದರು, ನನಗೆ ಹಾಜರಿ ಪುಸ್ತಕ ಎನಿಸುತ್ತಿತ್ತು.

ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಅಕ್ಕನ ಹೆಸರಿಲ್ಲ ಎಂದು ನೀವು ಮರುಗುತ್ತಿದ್ದೀರಿ. ಅವರಿಗೆ ಅಡುಗೆಮನೆಯೇ ಆಸರೆಯಾಗಿದ್ದರೆ? ಹೇಳಲು ಇಷ್ಟವಿಲ್ಲದೆ, ಇಷ್ಟವಿಲ್ಲ ಎನ್ನಲೂ ಆಗದೆ, ಮರ್ಯಾದೆಯಿಂದ ಎದ್ದುಹೋಗಲು ಚಹಾ ಒಂದು ನೆಪವಾಗಿದ್ದರೆ? ನನಗೂ ಹಾಗೊಂದು ಒಲೆ ಇದ್ದಿದ್ದರೆ ಇನ್ನೂ ಒಂದು ವರ್ಷ ಇರುತ್ತಿದ್ದೆನೇನೋ. ದಯವಿಟ್ಟು ಅವರನ್ನು ಪಡಸಾಲೆಯ ನಡುವೆ ಕೂರಿಸಿ, "ಅಕ್ಕ, ಇಂದು ನಿಮ್ಮ ಭಾರ ಹೇಳಿ" ಎನ್ನಬೇಡಿ.

ಕೆಲಗೇರಿ ದಂಡೆ (ಧಾರವಾಡ)

ಈ ಮಾತು ನನಗೆ ನೇರವಾಗಿ ತಾಗಿತು. ನಿಜ ಹೇಳಬೇಕೆಂದರೆ ನನ್ನ ಯೋಚನೆ ಹೆಚ್ಚುಕಡಿಮೆ ಅದೇ ಆಗಿತ್ತು. ವಾರ್ಷಿಕ ಕೂಟದ ದಿನ ಎಲ್ಲರೆದುರು ಲೆಕ್ಕ ಓದಿ, ಅಕ್ಕನನ್ನು ಮಧ್ಯದಲ್ಲಿ ಕೂರಿಸಿ... ಸದ್ಯ ಬರೆದದ್ದು ಒಳ್ಳೆಯದಾಯಿತು.

ಕುವೈತ್ ಕನ್ನಡಿಗ

ಇಲ್ಲಿ ನಮ್ಮದು ಶುಕ್ರವಾರದ ಕೂಟ, ರಜೆ ಇರುವುದು ಶುಕ್ರವಾರ ಶನಿವಾರ. ಒಂದು ಫ್ಲಾಟಿನ ಹಜಾರದಲ್ಲಿ ಹನ್ನೆರಡು ಜನ. ಬೀದರಿನವರು, ಉಡುಪಿಯವರು, ಕೊಳ್ಳೇಗಾಲದವರು. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಕಥೋಲಿಕ, ಪೆಂತೆಕೊಸ್ತ್ ಎಲ್ಲರೂ. ಊರಿನಲ್ಲಾಗಿದ್ದರೆ ಒಬ್ಬರ ಗುಡಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಇಲ್ಲಿ ಕನ್ನಡದಲ್ಲಿ ಹಾಡಲು ಸಿಗುವುದೇ ಹೆಚ್ಚು. ಪೆಂತೆಕೊಸ್ತಿನವರು ಚಪ್ಪಾಳೆ ತಟ್ಟುತ್ತಾರೆ, ಕಥೋಲಿಕರು ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ, ನಾವು ಸಿಎಸ್‌ಐನವರು ಪುಸ್ತಕದಲ್ಲಿ ಹಾಡಿನ ನಂಬರು ಹುಡುಕುತ್ತಿರುತ್ತೇವೆ.

ಅಡುಗೆ ಗಂಡಸರದೇ, ಬೇರೆ ಯಾರೂ ಇಲ್ಲವಲ್ಲ. ಅನ್ನಕ್ಕಿಟ್ಟವನು ಮೊದಲು ತನ್ನ ವಿಷಯ ಹೇಳಿ ಎದ್ದುಹೋಗುತ್ತಾನೆ. ಇದನ್ನು ಯಾರೂ ನಿಯಮ ಮಾಡಲಿಲ್ಲ. ಅನ್ನ ತಳ ಹಿಡಿದ ಒಂದು ಶುಕ್ರವಾರದ ನಂತರ ತಾನಾಗಿ ಆಯಿತು. ನೋಟ್‌ಬುಕ್ಕು ಮಾತ್ರ ಇಲ್ಲಿ ಇಡುವುದಿಲ್ಲ. ಇಕಾಮಾ (ವಾಸದ ಪರವಾನಗಿ) ಮುಗಿದವರು ಇರುತ್ತಾರೆ, ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನೆ ಎನ್ನುವವರು ಇರುತ್ತಾರೆ. ಕೇಳಿ, ಪ್ರಾರ್ಥಿಸಿ, ಮರೆತುಬಿಡುವುದೇ ಇಲ್ಲಿ ಕ್ಷೇಮ.

ಅಯ್ಯನವರ ಮನೆಯಾಕೆ

ಊರು ಹೇಳುವುದಿಲ್ಲ, ವರ್ಗಾವಣೆಯಲ್ಲಿ ಬಹಳ ಊರು ನೋಡಿದ್ದೇನೆ. ಇಪ್ಪತ್ತಾರು ವರ್ಷದಿಂದ ಸಭಾಪಾಲಕರ ಮನೆಯಲ್ಲಿ ಚಹಾ ಕಾಸುತ್ತಿದ್ದೇನೆ, ಆದ್ದರಿಂದ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿದೆ ಎಂದುಕೊಳ್ಳುತ್ತೇನೆ.

ಎರಡನೆಯ ಬೆಂಚಿನ ತಂಗಿ ಹೇಳಿದ್ದು ಸರಿ. ನಾನೂ ಎಷ್ಟೋ ಸಲ ಒಳಗೆ ಹೋಗಿ ಬಚ್ಚಿಟ್ಟುಕೊಂಡಿದ್ದೇನೆ. ಅಯ್ಯನವರ ಹೆಂಡತಿ ತನ್ನ ಮನೆಯ ಕಷ್ಟವನ್ನು ಯಾರ ಮುಂದೆ ಹೇಳಬೇಕು? ಹೇಳಿದರೆ ಅದು ಅಯ್ಯನವರ ಮೇಲೆ ದೂರಾಗುತ್ತದೆ. ಆದರೆ ಬಚ್ಚಿಟ್ಟುಕೊಂಡ ಎಲ್ಲ ದಿನವೂ ಅದು ನನಗೆ ಬೇಕಾಗಿತ್ತು ಎಂದಲ್ಲ. ಕೆಲವು ದಿನ ಹಾಲು ಉಕ್ಕದಂತೆ ನೋಡುತ್ತ ನಿಂತು, ಯಾರಾದರೂ ಒಳಗೆ ಬಂದಾರೇ ಎಂದು ಕಿವಿ ಕೊಟ್ಟಿದ್ದೇನೆ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ, ತಮ್ಮಾ. ಕೂಟ ಮುಗಿದ ಮೇಲೆ ನೀವು ಅಂಗಳದಲ್ಲಿ ನಿಂತು ಹರಟುವಾಗ ಒಳಗೆ ಲೋಟ ತೊಳೆಯುತ್ತಾರಲ್ಲ, ಆಗ ಇನ್ನೊಂದು ಕೂಟ ನಡೆಯುತ್ತದೆ. ಒಬ್ಬಳು ತೊಳೆಯುತ್ತಾಳೆ, ಒಬ್ಬಳು ಒರೆಸುತ್ತಾಳೆ, ಮುಖ ನೋಡಿಕೊಳ್ಳಬೇಕಾಗಿಲ್ಲ, ಮಾತು ಬರುತ್ತದೆ. ನನ್ನ ಗರ್ಭ ನಿಲ್ಲದ ವರ್ಷ ಒಬ್ಬರಿಗೆ ಹೇಳಿದ್ದೆ, ಅದೂ ಸಿಂಕಿನ ಮುಂದೆ. ಅವರು ಕೈ ಒರೆಸಿಕೊಂಡು ಅಲ್ಲೇ ಪ್ರಾರ್ಥಿಸಿದರು. ನಿಮ್ಮ ಅಕ್ಕನ ಹೆಸರು ನಿಮ್ಮ ಪುಸ್ತಕದಲ್ಲಿ ಇಲ್ಲದಿರಬಹುದು. ನರ್ಸ್ ಅಕ್ಕನಿಗೆ ಗೊತ್ತಿರಬಹುದು. ಕೇಳಲು ಹೋಗಬೇಡಿ.

ನೀವು ಮಾಡಬೇಕಾದದ್ದು ಇಷ್ಟೇ. ಅರ್ಧ ತಾಸು ಮುಂಚೆ ಹೋಗಿ. ಮೆಣಸಿನಕಾಯಿ ಹೆಚ್ಚಿ. ಏನೂ ಕೇಳಬೇಡಿ.

ಕೆಲಗೇರಿ ದಂಡೆ (ಧಾರವಾಡ), ಮೂರು ವಾರಗಳ ನಂತರ

ಏನಾಯಿತೆಂದು ಇಬ್ಬರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಮೊದಲ ಗುರುವಾರ ಆರಕ್ಕೇ ಹೋದೆ. ಅಣ್ಣ ಇನ್ನೂ ಕಚೇರಿಯಿಂದ ಬಂದಿರಲಿಲ್ಲ. ಅಕ್ಕ ಗಾಬರಿಯಾದರು, ಯಾರಿಗಾದರೂ ಏನಾದರೂ ಆಯಿತೇ ಎಂದು. ಇಲ್ಲ, ಮೆಣಸಿನಕಾಯಿ ಸೀಳುತ್ತೇನೆ ಎಂದೆ. ಮಣೆ, ಚಾಕು ಕೊಟ್ಟರು. ಆರು ಮೆಣಸಿನಕಾಯಿ ಸೀಳುವಷ್ಟರಲ್ಲಿ ಕಣ್ಣು ಮುಟ್ಟಿಕೊಂಡೆ. ಹದಿನೈದು ನಿಮಿಷ ಬಚ್ಚಲಲ್ಲಿ ನೀರು ಹಾಕಿಕೊಂಡು ನಿಂತಿದ್ದೆ, ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಏನೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಎರಡನೆಯ ವಾರ ಕಾಕಾಗೆ ಮಾತ್ರ ವಿಷಯ ಹೇಳಿದೆ. ಅವರು ಕೂಟದಲ್ಲಿ, ನನಗೆ ಸಕ್ಕರೆ ಕಾಯಿಲೆ, ಏಳೂವರೆಯವರೆಗೆ ತಡೆಯಲಾಗುವುದಿಲ್ಲ, ಇನ್ನು ಮೇಲೆ ಚಹಾ ಮೊದಲು ಆಗಲಿ ಎಂದು ಘೋಷಿಸಿದರು. ಸಕ್ಕರೆ ಕಾಯಿಲೆ ಅವರಿಗೆ ಇರುವುದು ನಿಜ, 41ನೆಯ ನಮೂದು. ಚಹಾ ಮೊದಲೇ ಆದ್ದರಿಂದ ಪ್ರಾರ್ಥನಾ ವಿಷಯದ ಹೊತ್ತಿಗೆ ಒಳಗೆ ಹೋಗಲು ಕಾರಣ ಉಳಿಯಲಿಲ್ಲ. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಕುಳಿತರು. ಸರದಿ ಬಂದಾಗ "ಏನಿಲ್ಲ" ಎಂದರು. ನಾನು ಏನನ್ನೂ ಬರೆಯದೆ ಮುಂದೆ ಹೋದೆ. ಯಾರೂ ಅವರ ಪರವಾಗಿ ಏನೂ ಹೇಳಲಿಲ್ಲ. ಎರಡನೆಯ ಬೆಂಚಿನವರೇ, ಇದು ನಿಮ್ಮಿಂದ.

ನಿನ್ನೆ ಮೂರನೆಯ ವಾರ. ಸರದಿ ಸುತ್ತಿ ಬಂತು. ಅಕ್ಕ ಸ್ವಲ್ಪ ಹೊತ್ತು ಕಾಲ್ಬೆರಳಿನ ಉಂಗುರ ತಿರುಗಿಸುತ್ತಿದ್ದು, "ಬರೆದುಕೋ ತಮ್ಮಾ" ಎಂದರು. ಬರೆದುಕೊಂಡೆ. ಸಂಖ್ಯೆ 229. ವಿಷಯ: ಒಂದು ತಿಂಗಳು ಬೇರೆ ಯಾರದಾದರೂ ಮನೆಯಲ್ಲಿ ಕೂಟ ಸೇರಲಿ.

ಅಣ್ಣ ಬಾಯಿ ತೆರೆದವರು ತೆರೆದೇ ಇದ್ದರು. ಕಾಕಾ, ನಮ್ಮ ಮನೆಯಲ್ಲಿ ಕುರ್ಚಿ ಎರಡೇ, ಆದರೆ ನೆಲ ದೊಡ್ಡದಿದೆ ಎಂದರು. ಉತ್ತರದ ಕಾಲಂನಲ್ಲಿ ಅದೇ ತಾರೀಖು ಬಿತ್ತು. ಇಡೀ ನೋಟ್‌ಬುಕ್ಕಿನಲ್ಲಿ ಅಷ್ಟು ಬೇಗ ಉತ್ತರ ಸಿಕ್ಕಿದ ಪ್ರಾರ್ಥನೆ ಇನ್ನೊಂದಿಲ್ಲ.

ಬರುವ ಗುರುವಾರ ಚಹಾ ಕಾಕಾ ಅವರದು. ಹಾಲು ಎಷ್ಟು, ಪುಡಿ ಎಷ್ಟು ಎಂದು ಕೇಳಲು ಇವತ್ತು ಬೆಳಿಗ್ಗೆಯಿಂದ ಎರಡು ಸಲ ಫೋನು ಮಾಡಿದ್ದಾರೆ.